ಕಾಲುವೆಯಲ್ಲಿ ಅಡಗಿಸಿದ ಮೇಕೆ

ನಮ್ಮ ಅತ್‌ಬಾಶಿ ಊರಿನಲ್ಲಿ ಜೂಮಾರ್ಟನಂಥ ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಒಡಹುಟ್ಟಿದವರು ಚಹಾ ಕೊಟ್ಟರೂ, ಕೊಟ್ಟವರೇ ಮೊದಲು ಒಂದು ಗುಟುಕು ಕುಡಿದು ತೋರಿಸಬೇಕು! ಅವನು ನಂಬಿದ್ದು ಕರಾಗೆರ್ ಎಂಬ ತನ್ನ ಕುದುರೆಯನ್ನು ಮಾತ್ರ. ತಲೆ ಕಡಿದ ಮೇಕೆಯನ್ನು ಕುದುರೆ ಮೇಲಿಂದಲೇ ಬಗ್ಗಿ ನೆಲದಿಂದೆತ್ತಿ, ತೊಡೆಯಡಿ ಸಿಕ್ಕಿಸಿಕೊಂಡು ಓಡುವ ಕೊಕ್‌ಬೊರು ಆಟದಲ್ಲಿ ಆ ಕುದುರೆಯ ಮೊದಲ ನೆಗೆತಕ್ಕೇ ಎದುರಾಳಿಗಳು ಹಿಂದೆ ಬೀಳುತ್ತಿದ್ದರು.

ಈಗ ಅದಕ್ಕೆ ವಯಸ್ಸಾಗಿತ್ತು. "ಈ ಸಲ ಓಡದಿದ್ರೆ ಚಳಿಗಾಲದ ಮಾಂಸಕ್ಕೆ ಕಡಿಯೋಣ ಅಣ್ಣ" ಎಂದಿದ್ದ ತಮ್ಮ ತಾಲಾಯ್. ಜೂಮಾರ್ಟ್ ಒಪ್ಪಿದ್ದನಾದರೂ ಅಂದಿನಿಂದ ತಮ್ಮನ ಮೇಲೇ ಕಣ್ಣು. ಆಟದ ತಯಾರಿಗೆಂದು ತಲೆ ಕಡಿದು ಹೊಟ್ಟೆ ಹೊಲಿದಿಟ್ಟ ಮೇಕೆಯನ್ನೂ ತಮ್ಮ ಬದಲಾಯಿಸಿಬಿಟ್ಟಾನೆಂದು, ಯಾರಿಗೂ ಹೇಳದೆ ಹಿತ್ತಲ ಕಾಲುವೆಯಲ್ಲಿ ಮುಳುಗಿಸಿ ಕಲ್ಲು ಹೇರಿಟ್ಟ.

ಮರುದಿನ ಬೆಳಿಗ್ಗೆ ಕುದುರೆಯನ್ನು ಬರಿದೇ ಓಡಿಸಿದ. ಬಾಣದ ಹಾಗೆ ಹೋಯಿತು. ಮೇಕೆ ಹೇರಿಕೊಂಡಾಗ ಮಾತ್ರ ಏದುಸಿರು ಬಿಟ್ಟು, ಹೆಜ್ಜೆ ಎಳೆದು, ಮೈದಾನದ ಅರ್ಧ ಮುಗಿದ ಮೇಲೆ ವೇಗ ಹಿಡಿಯಿತು.

"ತಾಲಾಯ್! ಹುಲ್ಲಿಗೆ ಏನೋ ಬೆರೆಸಿದೀಯಾ?"

"ಏನ್ ಬೆರೆಸಿದೀನಿ?"

"ವಿಷ ಕಣೋ, ವಿಷ! ಮಾಂಸದಾಸೆ ನಿಂಗೆ!"

"ವಿಷ ಹಾಕಿ ಆ ಮಾಂಸ ನಾನೇ ತಿನ್ಲಾ? ತಲೆ ನೆಟ್ಟಗಿದೆಯಾ ನಿಂಗೆ?"

ನಮ್ಮ ಮನೆಗಳ ನಡುವಿನ ಬೇಲಿಯ ಈಚೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆದರೆ ಜೂಮಾರ್ಟ್ ಚಾಕು ತರಲು ಒಳಗೆ ಹೋದ. ಕುದುರೆ ವಿಷದಿಂದ ನರಳಿ ಸಾಯುವುದಕ್ಕಿಂತ ತನ್ನ ಕೈಯಲ್ಲೇ ಸಾಯಲಿ ಎನ್ನುತ್ತಿದ್ದ, ಕಣ್ಣಲ್ಲಿ ನೀರು. ನನ್ನ ನಗು ನಿಂತಿತು.

ಅಷ್ಟರಲ್ಲಿ ಅವನ ಹೆಂಡತಿ ಬುರುಲ್‌ಚಾ ಮೇಕೆಯನ್ನು ಎಳೆದಿಡಲು ಹೋದಳು. "ಅಯ್ಯೋ! ಇದೇನ್ರೀ ಇಷ್ಟು ಭಾರ!"

ಹೊಲಿಗೆ ಬಿಟ್ಟ ಹೊಟ್ಟೆಯಿಂದ ನೀರು ಸುರಿಯಿತು. ಉಣ್ಣೆಯೂ ತೊಯ್ದು ತೊಪ್ಪೆಯಾಗಿತ್ತು.

ಚಾಕು ಹಿಡಿದು ಬಂದ ಅಣ್ಣನ ಕೈಯನ್ನು ತಾಲಾಯ್ ಹಿಡಿದ. "ಕುದುರೆ ಶಕ್ತಿ ಅಷ್ಟೇ ಇದೆ ಅಣ್ಣ. ಭಾರ ಹೆಚ್ಚಾಗಿದೆ. ಅದೇ ಬಲದಲ್ಲಿ ಜಾಸ್ತಿ ಭಾರ ಹೊತ್ಕೊಂಡ್ರೆ ವೇಗ ಹಿಡಿಯೋಕೆ ತಡ ಆಗಲ್ವಾ? ಇದನ್ನ ನೀರಲ್ಲಿ ಹಾಕಿದ್ದು ಯಾರು?"

ಜೂಮಾರ್ಟ್ ಹಿತ್ತಲ ಕಾಲುವೆಯತ್ತ ನೋಡಿ ಚಾಕುವನ್ನು ಕೆಳಗಿಟ್ಟ.

ನಮ್ಮ ಮನೆಯಲ್ಲಿ ಆಟಕ್ಕೆಂದು ಸಿದ್ಧಮಾಡಿಟ್ಟಿದ್ದ, ನೀರು ತಾಗದ ಒಣ ಮೇಕೆಯನ್ನು ನಾನು ಕೊಟ್ಟೆ. ಅದನ್ನು ಹೇರಿಕೊಂಡ ಕರಾಗೆರ್ ಒಂದೇ ನೆಗೆತಕ್ಕೆ ಧೂಳೆಬ್ಬಿಸಿ ಹೋಯಿತು.

ಎಲ್ಲರೂ ಒಳಗೆ ಹೋಗಿ ಕುಳಿತೆವು. ತಾಲಾಯ್ ಬಟ್ಟಲಿಗೆ ಚಹಾ ಬಗ್ಗಿಸಿದ. ಅಣ್ಣನ ಕಣ್ಣೆದುರೇ ಒಂದು ಗುಟುಕು ಕುಡಿದ. ಆಮೇಲೆ ಅದನ್ನು ಅವನ ಮುಂದೆ ಚಾಚಿದ.