ಬಡಕಲು ಮರಿಯೇ ನನ್ನ ಕೂಲಿ

"ಇವತ್ತಿಂದ ಲೀಟರ್ ಲೆಕ್ಕ. ಎಷ್ಟು ಹಿಂಡ್ತೀಯೋ ಅಷ್ಟಕ್ಕೇ ದುಡ್ಡು, ಒಂದು ಸೋಮ್ ಹೆಚ್ಚಿಲ್ಲ. ಆಗಲ್ಲ ಅಂದ್ರೆ ದಾರಿ ಅಲ್ಲಿದೆ," ಹಿಂಡಿನ ಒಡೆಯ ಮೆಲಿಸ್ ಸಿಡುಕುತ್ತಾನೆ.

"ದಾರಿ ನಂಗೆ ತೋರಿಸ್ಬೇಡಪ್ಪ. ನೀನು ಚಡ್ಡಿ ಹಾಕೋಕೆ ಮುಂಚೆ ಈ ದಾರಿ ಹತ್ತಿದವಳು ನಾನು." ಕಾನಿಶಾಯ್ ತಲೆಯೆತ್ತುವುದಿಲ್ಲ.

ಬೆಟ್ಟದ ಮೇಲಿನ ಸೂಸಮಿರ್ ಹುಲ್ಲುಗಾವಲಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಅವಳು ಒಂದು ಮಂಡಿಯೂರಿ ಕುದುರೆ ಹಾಲು ಹಿಂಡುತ್ತಿದ್ದಾಳೆ. ಮೊದಲು ಮರಿ ಬಾಯಿ ಹಾಕಬೇಕು. ತಾಯಿ ಸೊರೆ ಬಿಟ್ಟು ಕೆಚ್ಚಲಿಗೆ ಹಾಲು ಇಳಿದ ಮೇಲೆ ಮರಿಯನ್ನು ಸರಿಸಿ ಬಕೆಟ್ ಒಡ್ಡಬೇಕು. ಮರಿಗೆಂದು ಎಷ್ಟು ಉಳಿಸಬೇಕು ಎನ್ನುವುದು ಅವಳ ಬೆರಳಿಗೆ ಬಿಟ್ಟದ್ದು. ಬಕೆಟ್ಟಿಗೆ ಅಳತೆಯ ಗೆರೆ ಇದೆ, ಮರಿಯ ಹೊಟ್ಟೆಗೆ ಇಲ್ಲ.

ಹಿಂಡುವುದೊಂದೇ ಕೆಲಸವಲ್ಲ. ಮರಿಗಳ ಮೈಯ ಉಣ್ಣಿ ಕೀಳಬೇಕು, ಕುಂಟುವ ಕಾಲು ನೋಡಬೇಕು, ಚರ್ಮದ ಚೀಲದಲ್ಲಿ ಹಾಲು ಕಡೆದು ಹುಳಿ ಬರಿಸಿ ಕುಮಿಸ್ ಮಾಡಬೇಕು. ಗಂಡ ಸತ್ತಾಗಿನಿಂದ ಪ್ರತಿ ಬೇಸಿಗೆ ಅವಳಿಗೆ ಇದೇ ಬದುಕು. ಕುಮಿಸ್‌ನ ರುಚಿ ಹೊಗಳಿ ಪುಟಗಟ್ಟಲೆ ಬರೆಯುತ್ತಾರೆ. ಹಿಂಡಿದವಳ ಹೆಸರು ಯಾರಿಗೂ ಬೇಡ.

ಹಾಗೆಂದು ಮೆಲಿಸ್‌ನನ್ನು ಸುಮ್ಮನೆ ಬೈಯುವಂತೆಯೂ ಇಲ್ಲ.

"ಹೋದ್ವರ್ಷ ತಿಂಗಳ ಸಂಬಳ ಕೊಟ್ಟೆ. ನಿನ್ನೊಬ್ಬಳನ್ನ ಬಿಟ್ಟು ಹಿಂಡೋರೆಲ್ಲ ಹೊದ್ದು ಮಲಗಿದ್ರು. ಗಿರಾಕಿಗಳು ಪಕ್ಕದ ಡೇರೆಗೆ ಹೋದ್ರು. ನಾನೇನು ಗಾಳಿ ಕುಡೀಲಾ ಅಕ್ಕ?"

"ಪಕ್ಕದ ಡೇರೇಲಿ ಲೀಟರ್ ಲೆಕ್ಕಾನೇ ಅಲ್ವಾ? ಅಲ್ಲಿ ಮರಿಗಳ್ನ ನೋಡ್ಬಾ. ಪಕ್ಕೆಲುಬಿನ ಮೇಲೆ ಬಟ್ಟೆ ಒಣಗ್ಹಾಕ್ಬಹುದು. ಚಳಿಗಾಲ ದಾಟ್ತಾವಾ ಅವು?"

"ಮತ್ತೆ ಹೇಗೆ ಕೊಡ್ಲಿ, ನೀನೇ ಹೇಳು."

ಅವಳು ಕೈ ಒರೆಸಿಕೊಂಡು ಏಳುತ್ತಾಳೆ. "ಊಟಕ್ಕಾಗೋಷ್ಟು ಸಂಬಳ ಕೊಡು. ಮಿಕ್ಕಿದ್ದಕ್ಕೆ, ಹಿಮ ಬೀಳೋಕೆ ಮುಂಚೆ ಕೆಳಗಿಳೀವಾಗ ನಾನು ನೋಡ್ಕೊಂಡ ಮರಿಗಳಲ್ಲಿ ಒಂದು ಕೊಡು. ನಾನು ಆರಿಸಲ್ಲ. ಎಲ್ಲಕ್ಕಿಂತ ಬಡಕಲು ಯಾವ್ದೋ ಅದನ್ನೇ ಕೊಡು."

ಕುಮಿಸ್ ಕುಡಿಯಲು ಬಂದು ಪಕ್ಕದಲ್ಲಿ ನಿಂತಿರುವ ನನಗೆ ಇದು ಅರ್ಥವಾಗಲು ಒಂದು ಗಳಿಗೆ ಹಿಡಿಯುತ್ತದೆ. ಬಡಕಲು ಮರಿಯೇ ತನ್ನ ಪಾಲು ಎಂದು ಗೊತ್ತಿರುವವಳು ಒಂದು ಮರಿಯನ್ನೂ ಬಡಕಲಾಗಲು ಬಿಡಳು. ಓದಿದವರು ಸಂಬಳಕ್ಕೆ ನೂರು ಸೂತ್ರ ಕಟ್ಟಲಿ, ಇದಕ್ಕಿಂತ ನೇರವಾದದ್ದನ್ನು ನಾನು ಕೇಳಿಲ್ಲ.

ಆದರೆ ಮೆಲಿಸ್ ನಗುತ್ತಾನೆ. "ಜಾಣೆ ಕಣಕ್ಕ ನೀನು. ಆಮೇಲೆ ಹಾಲೆಲ್ಲ ಮರಿಗೇ ಕುಡಿಸ್ತೀಯ."

ಅವಳು ಅವನನ್ನೇ ನೋಡುತ್ತಾಳೆ. "ನನ್ನ ಕೈಲಿ ಬೆಳೆದ ಮರಿ ಒಂದೂ ಚಳಿಗೆ ಸತ್ತಿಲ್ಲ. ನಾನು ತುಂಬೋ ಚೀಲ ಒಂದಿನವೂ ಬರಿದಾಗಿಲ್ಲ. ಇಷ್ಟೂ ನಂಬದೋನಿಗೆ ಯಾವ ಲೆಕ್ಕ ತಾನೇ ಸಾಕು?"

ಕಟ್ಟಿದ್ದ ಮರಿಗಳನ್ನು ಬಿಚ್ಚುತ್ತಾಳೆ. ಬಕೆಟ್ಟನ್ನು ಅವನ ಕಾಲ ಬಳಿ ಇಟ್ಟು ಇಳಿಜಾರು ಹಿಡಿಯುತ್ತಾಳೆ.

"ಬರ್ತಾಳೆ ಬಿಡಿ," ಎನ್ನುತ್ತಾನೆ ಮೆಲಿಸ್ ನನ್ನತ್ತ ತಿರುಗಿ.

ಮಧ್ಯಾಹ್ನ ಅವನೇ ಮಂಡಿಯೂರುತ್ತಾನೆ. ಕುದುರೆ ಸೊರೆ ಬಿಡುವುದಿಲ್ಲ. ಸಂಜೆಯವರೆಗೂ ಅವನು ಇಳಿಜಾರಿನತ್ತ ನೋಡುತ್ತಲೇ ಇದ್ದಾನೆ. ಆ ದಾರಿಯಲ್ಲಿ ಯಾರೂ ಹತ್ತಿ ಬರುವುದಿಲ್ಲ.