ಪ್ರಯಾಣಕ್ಕೆ ಯೋಗ್ಯವಲ್ಲದ ಚಿತ್ರ

2004ರಲ್ಲಿ ನಾನು ಸಿಡ್ನಿಯ ಆರ್ಟ್ ಗ್ಯಾಲರಿಯೊಂದರಲ್ಲಿ ಕನ್ಸರ್ವೇಟರ್ ಆಗಿದ್ದೆ. ಚಿತ್ರ ಬಿರುಕು ಬಿಟ್ಟಿದೆಯೇ, ಬಣ್ಣ ಉದುರುತ್ತಿದೆಯೇ, ಪ್ರಯಾಣ ತಾಳುತ್ತದೆಯೇ ಎಂದು ಪರೀಕ್ಷಿಸಿ ‘ಕಂಡಿಷನ್ ರಿಪೋರ್ಟ್’ ಬರೆಯುವುದು ನನ್ನ ಕೆಲಸ. ಅದಿಲ್ಲದೆ ಯಾವ ಚಿತ್ರವೂ ಊರು ಬಿಡುತ್ತಿರಲಿಲ್ಲ.

ಆ ವರ್ಷ ದೇಶದ ಇತಿಹಾಸದ ಪ್ರದರ್ಶನವೊಂದು ಮೆಲ್ಬರ್ನ್‌ಗೆ ಹೊರಟಿತ್ತು. ಅದರಲ್ಲೊಂದು ಚಿತ್ರ ಮೂಲನಿವಾಸಿ ಕಲಾವಿದೆಯೊಬ್ಬರದು. ಅವರೀಗ ಇಲ್ಲ; ತೀರಿಕೊಂಡವರ ಹೆಸರು ಹೇಳುವುದು ಅವರ ಜನರಲ್ಲಿ ಸಲ್ಲದು. ಎಲ್ಲರಂತೆ ನಾನೂ ಅವರನ್ನು ಗೌರವದಿಂದ ಆಂಟಿ ಎನ್ನುತ್ತಿದ್ದೆ. ಹಳೆಯ ಕುರಿ ಎಸ್ಟೇಟೊಂದರ ನಕ್ಷೆಯನ್ನು ದೊಡ್ಡದಾಗಿ ಬಿಡಿಸಿ, ಅಲ್ಲಿನ ತೊರೆಯುದ್ದಕ್ಕೂ ಬಿಳಿ ಜೇಡಿಮಣ್ಣಿನಿಂದ ಮೂವತ್ತೊಂದು ಬೆರಳಗುರುತು ಒತ್ತಿದ್ದರು. ಆ ದಡದಲ್ಲಿ ಎಸ್ಟೇಟಿನವರ ಗುಂಡಿಗೆ ಬಲಿಯಾದ ಅವರ ಅಜ್ಜಿಯ ಕಡೆಯವರು ಅಷ್ಟು ಮಂದಿ. ಎಸ್ಟೇಟಿನ ದಿನಚರಿಯಲ್ಲಿ ಆ ದಿನಕ್ಕಿದ್ದದ್ದು ಒಂದೇ ಸಾಲು: ‘ಕರಿಯರನ್ನು ಚದುರಿಸಲಾಯಿತು.’ ಆಂಟಿ ಆ ಸಾಲನ್ನೂ ಕೆಳಗೆ ಹಾಗೆಯೇ ಬರೆದಿದ್ದರು.

ಎಸ್ಟೇಟಿನ ಯಜಮಾನರ ವಂಶದವರೇ ಪ್ರದರ್ಶನದ ಸ್ಪಾನ್ಸರ್. ನಮ್ಮ ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, "ಆ ಮಣ್ಣು ಉದುರಬಹುದಲ್ವಾ? ಟ್ರಾವೆಲ್‌ಗೆ ಫಿಟ್ ಇಲ್ಲ ಅಂತ ಬರೆದುಬಿಡಿ," ಎಂದರು. ಹಿಂದಿನ ದಿನವಷ್ಟೇ ಮೈಕ್ರೋಸ್ಕೋಪಿನಡಿ ನೋಡಿದ್ದೆ. ಒಂದು ಕಣವೂ ಸಡಿಲವಾಗಿರಲಿಲ್ಲ. ಆದರೆ ಅಲ್ಲೇ ಕಾಯಂ ಆಗಿ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿಗೆ ಅವರ ಪತ್ರ ಬೇಕಿತ್ತು.

ಕ್ವೇಕರ್ಸ್ ಹಿಲ್‌ನ ಮನೆಗೆ ಬಂದು ಹೆಂಡತಿ ಶೋಭಾಳಿಗೆ ಹೇಳಿದೆ. "ಸುಳ್ಳು ಬರೀಬೇಡಿ. ಪಿಆರ್ ಸಿಗ್ಲಿಲ್ಲ ಅಂದ್ರೆ ಉಡುಪಿಗೆ ವಾಪಸ್ ಹೋದ್ರಾಯ್ತು," ಎಂದಳು.

ಮರುದಿನ ನಾನು ಬರೆದೆ: ‘ವರ್ಣಪದರ ಅಸ್ಥಿರ. ಪ್ರಯಾಣಕ್ಕೆ ಯೋಗ್ಯವಲ್ಲ.’

ವಾರದೊಳಗೆ ಆಂಟಿ ಬ್ಲ್ಯಾಕ್‌ಟೌನ್‌ನಿಂದ ಬಂದರು. ರಿಪೋರ್ಟನ್ನು ಎರಡು ಸಲ ಓದಿದರು. "ನನ್ನ ಪೇಂಟ್ ಬೀಳ್ತಿದೆ ಅಂತ ಬರೆದಿದ್ದೀಯ. ಎಲ್ಲಿ, ತೋರಿಸು," ಎಂದರು. ನಾನು ಲ್ಯಾಂಪನ್ನು ಚಿತ್ರದ ಮೇಲೆ ಹಿಡಿದೆ. ಅವರು ಒಂದು ಗುರುತಿನ ಮೇಲೆ ಹೆಬ್ಬೆರಳನ್ನು ಒತ್ತಿ ಉಜ್ಜಿ, ಬೆರಳನ್ನು ನನ್ನ ಮುಖದೆದುರು ಹಿಡಿದರು. ಏನೂ ಅಂಟಿರಲಿಲ್ಲ.

"ಆ ದಿನಚರಿ ಬರೆದವನಿಗೂ ಹೆಂಡತಿ, ಮನೆ ಎಲ್ಲ ಇತ್ತು," ಎಂದು ಹೇಳಿ ಹೊರಟುಹೋದರು.

ಚಿತ್ರ ಉಗ್ರಾಣ ಸೇರಿತು. ಮೆಲ್ಬರ್ನ್‌ನಲ್ಲಿ ಅದಕ್ಕೆಂದಿದ್ದ ಗೋಡೆಗೆ ಎಸ್ಟೇಟಿನ ಮೊದಲ ಯಜಮಾನನ ಭಾವಚಿತ್ರ ಬಂತು. ಪ್ರದರ್ಶನದ ಜೊತೆ ಹೋಗಿ ಅದು ವಾಲದಂತೆ ಸರಿಪಡಿಸಿ ತೂಗುಹಾಕಿದವನೂ ನಾನೇ.

ಪಿಆರ್ 2005ರಲ್ಲಿ ಸಿಕ್ಕಿತು. ಮರುವರ್ಷ ಆಂಟಿ ತೀರಿಕೊಂಡರು. ಸುದ್ದಿ ತಿಳಿದ ದಿನವೇ ಎರಡನೇ ರಿಪೋರ್ಟ್ ಬರೆದು ಗ್ಯಾಲರಿಗೆ ಕೊಟ್ಟೆ: ಮೊದಲಿನದು ಸುಳ್ಳು, ಯಾರು ಹೇಳಿದ್ದಕ್ಕೆ ಬರೆದೆ, ಏಕೆ ಬರೆದೆ. ಕೆಲಸ ಹೋಯಿತು. ಅದಕ್ಕೆ ನನಗೆ ದುಃಖವಾಗಲಿಲ್ಲ.

2008ರಲ್ಲಿ ಮೆಲ್ಬರ್ನ್‌ನ ಬೇರೊಂದು ಗ್ಯಾಲರಿ ಆ ಚಿತ್ರವನ್ನು ತರಿಸಿಕೊಂಡಿತು. ಜೊತೆಗೆ ಕಳುಹಿಸಿದ್ದು ನನ್ನ ಎರಡನೇ ರಿಪೋರ್ಟನ್ನೇ. ನೋಡಲು ಹೋದಾಗ ಆಂಟಿಯ ಮಗಳು ಅಲ್ಲಿದ್ದರು. ನಾನು ಯಾರೆಂದು ಹೇಳಿ ಕ್ಷಮೆ ಕೇಳಿದೆ.

"ಅದನ್ನ ಅಮ್ಮನಿಗೆ ಹೇಳಬೇಕಿತ್ತು," ಎಂದಷ್ಟೇ ಹೇಳಿ ಅವರು ಚಿತ್ರದ ಕಡೆ ತಿರುಗಿಕೊಂಡರು.

ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಕಲಿತದ್ದು ಇದು: ಸುಳ್ಳು ಇತಿಹಾಸ ಬರೆಯಲು ಕ್ರೂರಿಯೇ ಆಗಬೇಕಿಲ್ಲ. ಕೆಲಸ ಉಳಿಸಿಕೊಳ್ಳಲು ಒಂದು ಫಾರ್ಮ್ ತುಂಬಿದರೆ ಸಾಕು. ಅದನ್ನು ಆಮೇಲೆ ತಿದ್ದಬಹುದು, ಆದರೆ ಯಾರಿಗಾಗಿ ತಿದ್ದಬೇಕೋ ಅವರು ಅಷ್ಟರೊಳಗೆ ಇಲ್ಲವಾಗಿರುತ್ತಾರೆ.