ಬಂಗಾರಮ್ಮ ಕೆಮ್ಮಿದ್ದು

ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಮಗು ಊಟ ಬಿಟ್ಟರೆ ಮೊದಲು ನೆನಪಾಗುವುದು ಬಂಗಾರಮ್ಮ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದರ್ಥ; ಬಂದರೆ ದೃಷ್ಟಿಯಲ್ಲ, ಬೇರೇನೋ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ‘ನೀನು ನಂಬದಿದ್ರೆ ಮೆಣಸಿನಕಾಯಿಗೇನು ಬೇಜಾರಿಲ್ಲ ಬಿಡು ವಾಣಿ’ ಎಂದು ನಕ್ಕಿದ್ದರು.

ಪಕ್ಕದ ಮನೆಯ ಆನಂದ್ ಮತ್ತು ಸಮತಾರ ಮಗಳು ಇಂಪನಾ ಎಂಟನೇ ಕ್ಲಾಸು. ದಿನವಿಡೀ ವಟಗುಟ್ಟುತ್ತಿದ್ದ ಹುಡುಗಿ ಮಳೆಗಾಲ ಕಳೆಯುವಷ್ಟರಲ್ಲಿ ಮಾತು ಬಿಟ್ಟಳು. ಬೆಳಗ್ಗೆ ಯೂನಿಫಾರ್ಮ್ ಹಾಕುವಾಗ ಹೊಟ್ಟೆನೋವು, ಸ್ಕೂಲ್ ವ್ಯಾನ್ ಹೋದ ಮೇಲೆ ಮಾಯ. ಆನಂದ್ ಅದನ್ನು ನಾಟಕವೆಂದ. ಶಿವಮೊಗ್ಗದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರಿದ್ದಾರೆ, ಒಮ್ಮೆ ತೋರಿಸಿ ಎಂದೆ. ‘ನನ್ ಮಗಳಿಗೇನು ಹುಚ್ಚಾ? ನಾಳೆ ಜನ ಏನಂತಾರೆ?’ ಎಂದು ನನ್ನ ಮೇಲೇ ಹರಿಹಾಯ್ದ. ನನಗೂ ಸಿಟ್ಟು ನೆತ್ತಿಗೇರಿತು, ಕೆಲವು ದಿನ ಆ ಮನೆಯ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ಅವನೇ ಬಂಗಾರಮ್ಮನನ್ನು ಕರೆಸಿದ. ಸಮತಾ ನನ್ನನ್ನೂ ಕರೆದಳು. ನಿವಾಳಿಸುತ್ತಿದ್ದ ಬಂಗಾರಮ್ಮನ ಕೈ ಹುಡುಗಿಯ ಜಡೆಯ ಹತ್ತಿರ ನಿಂತಿತು. ಕೂದಲು ಸರಿಸಿದರೆ ಅಂಗೈಯಗಲ ಬೋಳು.

‘ಯಾರು ಕಿತ್ತಿದ್ದು ಪುಟ್ಟಿ?’

‘ನಾನೇ ಅಜ್ಜಿ. ಭಯ ಆದಾಗ ಕೈ ತಾನಾಗೇ ಹೋಗುತ್ತೆ.’

ಎಷ್ಟೋ ದಿನದಿಂದ ಅವಳು ತಲೆ ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲವಂತೆ. ಸಮತಾ ಅಳತೊಡಗಿದಳು. ಬಂಗಾರಮ್ಮ ಬಚ್ಚಲೊಲೆಯ ಕಡೆ ನಡೆದರು, ನಾನು ಹಿಂದೆಯೇ ಹೋದೆ. ಮೆಣಸಿನಕಾಯಿ ಕೆಂಡಕ್ಕೆ ಬಿದ್ದು ಚಿಟಪಟ ಎಂದಿತು, ಹೊಗೆ ಎದ್ದಿತು, ಘಾಟು ಮಾತ್ರ ಒಂದಿಷ್ಟೂ ಇಲ್ಲ. ಜಗಲಿಯಲ್ಲಿ ನಿಂತಿದ್ದ ಆನಂದ್ ‘ಏನಾಯ್ತು?’ ಎಂದು ಕೂಗಿದ. ಬಂಗಾರಮ್ಮ ಕೆಮ್ಮತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿ ಹೊರಗೆ ಬಂದರು.

‘ಸುಡುಗಾಡು ಘಾಟು ಕಣಪ್ಪ. ಇದು ದೃಷ್ಟಿ ಅಲ್ಲ, ನನ್ ಕೈಲಾಗೋದಲ್ಲ. ನಾಳೆ ಶಿವಮೊಗ್ಗಕ್ಕೆ ಹೊರಡಿ, ನಾನೂ ಬರ್ತೀನಿ.’

ತಾನೇ ಕರೆಸಿದವರ ಮಾತು, ಆನಂದ್ ಮರುದಿನವೇ ಹೊರಟ. ಇದು ಹುಚ್ಚಲ್ಲ, ಆತಂಕ, ಎಷ್ಟೋ ಮಕ್ಕಳಿಗೆ ಆಗುತ್ತದೆ, ಬೈದರೆ ಹೆಚ್ಚುತ್ತದೆ ಎಂದು ಡಾಕ್ಟರು ಅಪ್ಪ ಅಮ್ಮನನ್ನು ಕೂರಿಸಿ ಹೇಳಿದರು. ಸ್ಕೂಲಿನವರ ಜೊತೆಗೂ ಮಾತಾಡಿದರು. ಆಮೇಲೆ ಹೋದಾಗಲೆಲ್ಲ ಇಂಪನಾ ಒಳಗೆ ಡಾಕ್ಟರ ಜೊತೆ ಮಾತಾಡುವಷ್ಟು ಹೊತ್ತು ಹೊರಗಿನ ಬೆಂಚಿನ ಮೇಲೆ ಬಂಗಾರಮ್ಮ ಇರುತ್ತಿದ್ದರು. ಸಾಲಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ‘ನಾನೇ ಕಳ್ಸಿದ್ದು, ಏನೀಗ?’ ಎನ್ನುತ್ತಿದ್ದರು. ಆ ಹೆಂಗಸಿನ ಗತ್ತು ನೋಡಿ ನನಗೆ ಹೊಟ್ಟೆ ತುಂಬಿತು.

ಮೊನ್ನೆ ಜಗಲಿಯಲ್ಲಿ ಬಂಗಾರಮ್ಮ ಇಂಪನಾಳ ತಲೆ ಬಾಚುತ್ತಿದ್ದರು. ಬೋಳಾಗಿದ್ದ ಜಾಗದಲ್ಲಿ ಹೊಸ ಕೂದಲು ಸೆಟೆದು ನಿಂತಿತ್ತು, ಹುಡುಗಿಯ ಬಾಯಿಗೆ ಬಿಡುವಿರಲಿಲ್ಲ. ಅವಳು ಎದ್ದು ಹೋದ ಮೇಲೆ ಕೇಳಿಯೇಬಿಟ್ಟೆ: ‘ಆವತ್ತು ಘಾಟು ಬರ್ಲೇ ಇಲ್ಲ, ಅಲ್ವಾ?’

‘ಇಲ್ಲ ಮಾರಾಯ್ತಿ. ನೀನು ನಂಬಲ್ಲ, ನಾನು ನಂಬ್ತೀನಿ. ನಮ್ಮವ್ವ ಕಲಿಸಿದ್ದು. ಒಲೆ ಮುಂದೆ ಸುಳ್ಳು ಹೇಳಿದ್ದು ಅದೊಂದೇ ಸಲ. ನಿಜ ಹೇಳಿದ್ರೆ ಆನಂದ ವಾರವಾರ ನನ್ನೇ ಕರೀತಿದ್ದ, ಆ ಕೂಸು ಕೂದಲು ಕೀಳ್ತಾ ಕೂತಿರ್ತಿತ್ತು.’

ಡಾಕ್ಟರ ಹೆಸರು ಹೇಳಲು ನನಗೇನೂ ಕಷ್ಟವಾಗಿರಲಿಲ್ಲ. ಬಂಗಾರಮ್ಮನಿಗೆ ಆ ಕೆಮ್ಮು ಎಷ್ಟು ಕಷ್ಟವಾಗಿತ್ತೋ.